ಮೇಬಲ್‌ಳ ಸರದಿ

ವೇಡ್ "ಮೂರು" ಎನ್ನುವ ಮೊದಲೇ ಆರ್ವಿಲ್ ಬಿದ್ದುಬಿಟ್ಟ. ಮೊಣಕಾಲು ಮಡಿಸಿ, ಕೈ ಊರಿ, ಹುಷಾರಾಗಿ ಬೀಳಬೇಕೆಂದು ಮಾತಾಗಿತ್ತು. ಅವನೋ ಗೂಟ ಕಿತ್ತ ಡೇರೆಯ ಹಾಗೆ ಒಂದೇ ಸಲಕ್ಕೆ ಕುಸಿದು, ಇಬ್ಬನಿ ಹೆಪ್ಪುಗಟ್ಟಿದ ಹುಲ್ಲಿಗೆ ಒಂದು ಕೆನ್ನೆ ಒತ್ತಿ ಮಲಗಿದ.

"ಏ, ಇದು ಮೋಸ ಕಣೋ!" ವೇಡ್ ಕೂಗುತ್ತ ಫೋನಿನ ಸ್ಟಾಪ್‌ವಾಚ್ ಒತ್ತಿದ. "ಎರಡಕ್ಕೇ ಬಿದ್ದ. ನೆನಪಿಟ್ಕೋ ಮರ್ನಾ, ಎರಡಕ್ಕೇ ಬಿದ್ದ."

"ಬೀಳೋದ್ರಲ್ಲಿ ನಿನಗಿಂತ ಚೆನ್ನಾಗಿದಾನೆ ಬಿಡು," ಎಂದಳು ಮರ್ನಾ, ಕೈಗವಸನ್ನು ಹಲ್ಲಿನಿಂದ ಎಳೆದು, ವಿಡಿಯೋ ತೆಗೆಯಲು ತನ್ನ ಫೋನ್ ಎತ್ತುತ್ತ. "ಹೋದ ವಾರ ನೀನು ಬಿದ್ದಿದ್ದು ಊಟ ಮಾಡಿ ಸೋಫಾದಲ್ಲಿ ಒರಗಿದ ಹಾಗಿತ್ತು."

ಡುಲೂತ್ ಊರಿನ ಸರೋವರದ ದಂಡೆಯ ಈ ನಾಯಿಗಳ ಪಾರ್ಕಿನಲ್ಲಿ ಮೂರು ವಾರದಿಂದ ಇದೇ ಆಟ. ಸಾಕಿದವರು ಸುಳ್ಳುಸುಳ್ಳೇ ಕುಸಿದು ಬೀಳಬೇಕು; ಅವರ ನಾಯಿ ಎಷ್ಟು ಹೊತ್ತಿನಲ್ಲಿ ಇನ್ನೊಬ್ಬರನ್ನು ಕರೆಯುತ್ತದೆ ಎಂದು ನೋಡಬೇಕು. ವೇಡ್‌ನ ಬಾರ್ಡರ್ ಕಾಲಿ ತಳಿಯ ನಾಯಿ ಜೆಟ್ ಹನ್ನೊಂದು ಸೆಕೆಂಡಿಗೆ ಓಡಿಬಂದು ಬೊಗಳಿತ್ತು. ಮರ್ನಾಳ ಪೂಡಲ್ ಇಪ್ಪತ್ತಾರಕ್ಕೆ ಬಂದು ವೇಡ್‌ನ ತೋಳು ಹಿಡಿದೆಳೆದಿತ್ತು. ಇವತ್ತು ಮೇಬಲ್‌ಳ ಸರದಿ. ಮೇಬಲ್ ಬ್ಯಾಸೆಟ್ ಹೌಂಡ್; ಗಿಡ್ಡ ಕಾಲು, ನೆಲ ಗುಡಿಸುವ ಕಿವಿ, ಈಗಷ್ಟೇ ಅತ್ತು ಮುಗಿಸಿ ಬಂದಂಥ ಕಣ್ಣು. ಯಾರೋ ಮಾಡಿದ ಬುದ್ಧಿವಂತ ನಾಯಿಗಳ ಪಟ್ಟಿಯಲ್ಲಿ ಆ ತಳಿಯನ್ನು ಕೊನೆಯಿಂದ ಹುಡುಕಿದರೆ ಬೇಗ ಸಿಗುತ್ತದೆಂದು ವೇಡ್ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ.

ಆರ್ವಿಲ್‌ಗೆ ಮಾತ್ರ ಇದು ಆಟವಾಗಿರಲಿಲ್ಲ. ಸೆಪ್ಟೆಂಬರಿನಲ್ಲಿ ಅವನು ಅಡುಗೆಮನೆಯಲ್ಲಿ ಎಚ್ಚರ ತಪ್ಪಿ ಬಿದ್ದಿದ್ದ. ಒಬ್ಬನೇ ಇರಬೇಡ, ಬಂದು ನನ್ನ ಜೊತೆ ಇರು ಎಂದು ಫಾರ್ಗೋದಲ್ಲಿರುವ ಅಕ್ಕ ಆರ್ಡಿಸ್ ಅಂದಿನಿಂದ ಪಟ್ಟು ಹಿಡಿದಿದ್ದಳು. ಅವಳ ಅಪಾರ್ಟ್‌ಮೆಂಟಿಗೆ ನಾಯಿಗಳನ್ನು ಸೇರಿಸುವುದಿಲ್ಲ. "ವಿಡಿಯೋ ಕಳಿಸ್ತೀನಿ ಅಂದಿದೀನಿ," ಎಂದು ಬೀಳುವ ಮುಂಚೆ ಆರ್ವಿಲ್ ಹೇಳಿದ್ದ. "ನಾನು ಬಿದ್ರೆ ಜನ ಕರೆಯೋಕೆ ಮನೇಲಿ ಒಬ್ಬಳಿದಾಳೆ ಅಂತ ಅಕ್ಕ ಕಣ್ಣಾರೆ ನೋಡ್ಲಿ. ಆಮೇಲೆ ಮೇಬಲ್‌ನ ಯಾರಿಗಾದ್ರೂ ಕೊಟ್ಟುಬಿಡು ಅನ್ನಲ್ಲ."

"ಹದಿನೈದು," ಎಂದ ವೇಡ್. "ನೋಡು, ಮೂಸ್ತಿದಾಳೆ. ಮೂಸೋದ್ರಲ್ಲಿ ಡಾಕ್ಟರೇಟ್ ಮಾಡಿದಾಳೆ ನಮ್ಮ ಮೇಬಲ್."

ಮೇಬಲ್ ಆರ್ವಿಲ್‌ನ ಕಿವಿ ಮೂಸಿದಳು, ಕುತ್ತಿಗೆ ಮೂಸಿದಳು. ಒಂದು ಸುತ್ತು ಬಂದು ಅವನ ಬಾಯಿಯ ಹತ್ತಿರ ಮೂಗಿಟ್ಟು, ಬಾವಿಯ ತಳದಲ್ಲಿ ನೀರಿದೆಯೇ ಎಂದು ಬಗ್ಗಿ ನೋಡುವವರ ಹಾಗೆ ನಿಂತಳು. ಆಮೇಲೆ ಹೊಟ್ಟೆ ಹುಲ್ಲಿಗೆ ತಾಗುತ್ತಿದ್ದರೂ ಆದಷ್ಟು ಜೋರಾಗಿ ಓಡಿ ಬಂದು, ಮರ್ನಾಳ ಕೋಟಿಗೆ ಎರಡೂ ಮುಂಗಾಲು ಹಚ್ಚಿದಳು.

"ಬಂದ್ಲು!" ಮರ್ನಾಳ ಮುಖ ಅರಳಿತು. "ಬಂದೇಬಿಟ್ಲು!"

"ಎಲ್ಲಿ ಬಂದ್ಲು? ನಿನ್ನ ಜೇಬಲ್ಲಿ ಏನಿದೆ ಹೇಳು."

"ಒಣಗಿಸಿದ ಲಿವರ್."

"ಮತ್ತೆ! ಮೂಗಿನ ಹಿಂದೆ ಬಂದಿದಾಳೆ. ಇದು ಲೆಕ್ಕಕ್ಕಿಲ್ಲ."

"ನಿನ್ನ ಜೆಟ್ ಬಂದಾಗಲೂ ಇದೇ ಕೋಟು ಹಾಕಿದ್ದೆ ಕಣಪ್ಪಾ."

"ಅದು ಕಾಲಿ, ಮಾರಾಯ್ತಿ. ಕಾಲಿ ಬಂದ್ರೆ ಯೋಚನೆ ಮಾಡಿ ಬರುತ್ತೆ. ಬ್ಯಾಸೆಟ್ ಬಂದ್ರೆ ಹಸಿದು ಬರುತ್ತೆ. ಬೇಕಾದ್ರೆ ಆರ್ವಿಲ್‌ನೇ ಕೇಳು. ಏನೋ, ಹೌದೋ ಅಲ್ವೋ?"

ಆರ್ವಿಲ್ ಉತ್ತರಿಸಲಿಲ್ಲ. ಉತ್ತರಿಸಿದರೆ ಆಟ ಕೆಡುತ್ತದಲ್ಲ. ಪಾಪ, ಈ ಚಳಿಯಲ್ಲೂ ಎಷ್ಟು ಅಲುಗಾಡದೆ ಮಲಗಿದ್ದಾನೆ ಎಂದು ಮರ್ನಾಗೆ ಕನಿಕರವಾಯಿತು. "ಅವನ ವಿಡಿಯೋ ಹಾಳು ಮಾಡಬೇಡ ಪುಟ್ಟಾ," ಎನ್ನುತ್ತ ಮೇಬಲ್‌ಳನ್ನು ಮೊಣಕಾಲಿನಿಂದ ಮೆಲ್ಲಗೆ ದೂಡಿದಳು. "ಹೋಗು, ಅವನ ಹತ್ರ ಹೋಗು. ಆರ್ಡಿಸ್ ನೋಡ್ತಾಳೆ." ಮೇಬಲ್ ಹೋದಳು, ಮೂಸಿದಳು, ತಿರುಗಿ ಬಂದಳು. ಈ ಸಲ ವೇಡ್‌ನ ಪ್ಯಾಂಟಿನ ಅಂಚು ಕಚ್ಚಿ ಜಗ್ಗಿದಳು. ವೇಡ್ ನಗುತ್ತ ಕಾಲು ಒದರಿದ. ಆಕಾಶ ಯಾವುದು, ಸರೋವರ ಯಾವುದು ಎಂದು ತಿಳಿಯದಷ್ಟು ಬೂದು ಕವಿದಿತ್ತು. ಅದರೊಳಗೆಲ್ಲೋ ಹಡಗೊಂದು ಕೂಗಿ, ಮರುದನಿ ಬಾರದೆ ಸುಮ್ಮನಾಯಿತು.

ಮೂರನೆಯ ಸಲ ಬಂದಾಗ ಮರ್ನಾ ಸೋತಳು. ಲಿವರ್ ಚೂರೊಂದನ್ನು ತೆಗೆದು ಮೇಬಲ್‌ಳ ಮೂಗಿಗೇ ಹಿಡಿದಳು. "ತಗೋ, ತಿಂದು ತೊಲಗು."

ಮೇಬಲ್ ಮೂಸಲೂ ಇಲ್ಲ. ಚೂರು ಅವಳ ತುಟಿಗೆ ತಾಗಿ ನೆಲಕ್ಕೆ ಬಿತ್ತು. ಅವಳು ತಲೆಯೆತ್ತಿ, ಗಂಟಲು ಹರಿಯುವ ಹಾಗೆ ಊಳಿಡತೊಡಗಿದಳು.

ಮರ್ನಾಳ ಕೈಯಲ್ಲಿದ್ದ ಫೋನ್ ಮೆಲ್ಲಗೆ ಕೆಳಗಿಳಿಯಿತು. "ವೇಡ್," ಎಂದಳು. "ಇವಳು ತಿಂತಿಲ್ಲ."

ಆಂಬುಲೆನ್ಸಿನಲ್ಲಿ ಬಂದ ಹೆಂಗಸು ಆರ್ವಿಲ್‌ನ ಪಕ್ಕ ಬಹಳ ಹೊತ್ತು ಮೊಣಕಾಲೂರಿದ್ದಳು. ಕೊನೆಗೆ ಕೈ ಹಿಂದೆಗೆದು, ಬೆವರೊರೆಸಿ, ಅವನ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿದಳು. ಆಮೇಲೆ ಎದ್ದು, ಬರೆದುಕೊಳ್ಳಲು ಪೆನ್ನು ತೆಗೆದಳು. "ಅವರು ಬಿದ್ದು ಎಷ್ಟು ಹೊತ್ತಾದ ಮೇಲೆ ನೀವು ಎದೆ ಒತ್ತೋಕೆ ಶುರು ಮಾಡಿದ್ರಿ? ಸುಮಾರಾಗಿ ಹೇಳಿದ್ರೂ ಆಯ್ತು."

"ಮೂರು ನಿಮಿಷ, ನಲವತ್ತೊಂದು ಸೆಕೆಂಡ್," ಎಂದ ವೇಡ್.

ಅವಳ ಪೆನ್ನು ನಿಂತಿತು. "ಇಷ್ಟು ಸರಿಯಾಗಿ ಹೇಗೆ ಗೊತ್ತು? ಬಿದ್ದಾಗ ಇಲ್ಲೇ ಇದ್ರಾ? ನೋಡ್ತಾ ನಿಂತಿದ್ರಾ?"

"ಇಲ್ಲೇ ಇದ್ವಿ," ಎಂದ ವೇಡ್. "ನಾಯಿನ ನೋಡ್ತಾ ಇದ್ವಿ."