ಮೇಜಿನ ಕೆಳಗಿನ ಮೋಟಾರು

ಸೋಲ್ಡರಿಂಗ್ ಕಡ್ಡಿಯ ಹೊಗೆ ಕಣ್ಣಿಗೆ ನುಗ್ಗುತ್ತಿದ್ದರೂ ಕಾಶವ್ವ ಮೇಜಿನ ಕೆಳಗಿನಿಂದ ಹೊರಬರಲಿಲ್ಲ. ಕೊನೆಗೂ ತಂತಿ ಕಚ್ಚಿಕೊಂಡಿತು. ರೇಡಿಯೋ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಬೆಸುಗೆ ಹಾಕಿದ ಕೈ ಅದು.

ಮೇಜಿನ ಮೇಲೆ ಹರಡಿದ್ದ, ಹನ್ನೆರಡು ಕಡೆ ಕವಲೊಡೆಯುವ ಪುಟ್ಟ ರೈಲುಮಾರ್ಗ ಅವಳ ಗಂಡ ಸಿದ್ರಾಮಪ್ಪನದು. ರೈಲ್ವೆಯಲ್ಲಿ ಮೂವತ್ತು ವರ್ಷ ಲಿವರ್ ಎಳೆದು, ಬಂದ ಗಾಡಿಗಳಿಗೆಲ್ಲ ಹಳಿ ಬದಲಿಸಿಕೊಟ್ಟ ಪಾಯಿಂಟ್ಸ್‌ಮನ್ ಅವನು. ಮರಾಠಿ ನಾಡಿನ ಖಡಕಿಯ ಈ ಮನೆಯಲ್ಲೂ ಒಂದು ಕೈ ಮೇಜಿಗೆ ಊರಿ, ಇನ್ನೊಂದನ್ನು ಚಾಚಿ, ಬೆರಳಿನಿಂದಲೇ ಹಳಿ ತಿರುಗಿಸುತ್ತಿದ್ದ. ಪಾರ್ಶ್ವವಾಯು ಬಡಿದು ಬಲಗೈ ಬಿದ್ದುಹೋದ ಮೇಲೆ, ಎಂಟು ತಿಂಗಳಿಂದ ಈ ಕೋಣೆಗೆ ಕಾಲಿಟ್ಟಿರಲಿಲ್ಲ.

"ಹಳಿ ತಿರಗಸಾಕ ಮೋಟಾರ್ ಹಚ್ಚೂಣೇನ್ರಿ?" ಎಂದು ಅವಳು ಕೇಳಿದ್ದಕ್ಕೆ, "ಬ್ಯಾಡ. ಗುಂಡಿ ಒತ್ತೋದು ಪಾಯಿಂಟ್ಸ್‌ಮನ್ ಕೆಲಸ ಅಲ್ಲ," ಎಂದು ಗೋಡೆಯತ್ತ ಮಗ್ಗುಲಾಗಿದ್ದ. ಅವಳು ವಿದ್ಯುತ್ ಸಾಮಾನಿನ ಅಂಗಡಿಗಳಿರುವ ತಪಕೀರ್ ಗಲ್ಲಿಗೆ ಹೋಗಿ ಮೋಟಾರು ತಂದೇಬಿಟ್ಟಳು.

ಈಗ 'ನೇರ' ಎಂದು ಬರೆದ ಗುಂಡಿ ಒತ್ತಿದಳು. ಟಕ್! ಹಳಿ ಅಡ್ಡದಾರಿಗೆ ತಿರುಗಿತು. ತಂತಿ ಅದಲುಬದಲಾಗಿತ್ತು. ಮತ್ತೆ ಕೆಳಗೆ ನುಸುಳಿ, ಎರಡೂ ತುದಿಗಳನ್ನು ಬದಲಿಸಿ ಬಂದು ಒತ್ತಿದಳು. ಟಕ್! ಈ ಸಲ ಹಳಿ ತಿರುಗಿಸುವ ಪಟ್ಟಿ ಹೇಳಿದ ಕಡೆಗೇ ಸರಿಯಿತು. ಕಾಶವ್ವ ಚಪ್ಪಾಳೆ ತಟ್ಟಿ ನಕ್ಕು, ಎಂಜಿನ್ ಓಡಿಸಿಯೇಬಿಟ್ಟಳು.

"ನಿಲ್ಲಸ! ಗಾಡಿ ನಿಲ್ಲಸ!" ಒಳಗಿನಿಂದ ಸಿದ್ರಾಮಪ್ಪ ಕೂಗಿದ. "ಪಟ್ಟಿ ಪೂರಾ ಕೂತಿಲ್ಲ!"

"ಕೂತದ ರೀ! ನಾ ನೋಡೀನಿ!"

"ನೀ ನೋಡಿದಿ. ನಾ ಕೇಳೀನಿ!"

ಅವಳು ತಟ್ಟನೆ ಕರೆಂಟ್ ತೆಗೆದಳು. ಹಳಿ ಕವಲೊಡೆಯುವಲ್ಲಿಗೆ ಹೆಬ್ಬೆರಳಷ್ಟು ದೂರದಲ್ಲಿ ಎಂಜಿನ್ ನಿಂತಿತು. ಕೋಲಿನ ಸದ್ದು ನಡುಮನೆ ದಾಟಿ, ಬಾಗಿಲಿಗೆ ಬಂದು, ಕೋಣೆಯೊಳಗೇ ಬಂತು. ಸಿದ್ರಾಮಪ್ಪ ಮೇಜಿಗೆ ಹೊಟ್ಟೆಯಾನಿಸಿ ಬಗ್ಗಿದ. ಸರಿದ ಪಟ್ಟಿಗೂ ಹಳಿಗೂ ನಡುವೆ ಅವಳು ಮೇಲೆದ್ದಾಗ ಕಡ್ಡಿಯಿಂದ ಉದುರಿದ, ಸಾಸಿವೆಯಷ್ಟು ಸೀಸದ ಹನಿ ಸಿಕ್ಕಿಕೊಂಡಿತ್ತು. ಎಡಗೈ ಉಗುರಿನಿಂದ ಅದನ್ನು ಚಿಮ್ಮಿಸಿದ.

"ಈಗ ಒತ್ತು."

"ನೀವ ಒತ್ರಿ."

ಅವನು ಗುಂಡಿಯನ್ನು ಹಗೆಯನ್ನು ನೋಡುವಂತೆ ನೋಡಿದ. ಒತ್ತಿದ. ಸದ್ದು ಈ ಸಲ ಗಟ್ಟಿಯಾಗಿ, ತುಂಬಿಕೊಂಡು ಬಂತು. ಇನ್ನೊಮ್ಮೆ ಒತ್ತಿದ. ಮತ್ತೂ ಒಮ್ಮೆ. ಆಮೇಲೆ ಅವಳನ್ನು ಕೇಳದೆಯೇ ಗಾಡಿ ಬಿಟ್ಟ. ಎಂಜಿನ್ ನಾಲ್ಕು ಡಬ್ಬಿಗಳನ್ನು ಎಳೆದುಕೊಂಡು ಹಳಿ ಬದಲಿಸಿ, ಸುರಂಗಕ್ಕೆ ನುಗ್ಗಿ, ಆಚೆ ಕಡೆಯಿಂದ ಹೊರಬಿತ್ತು.

"ಬಂತು! ಬಂತ ನೋಡ!" ಅವನ ದನಿ ಬೀದಿಗೇ ಕೇಳಿಸಿರಬೇಕು. "ಕಾಯ್ ಝಾಲಂ, ಕಾಕೂ?" ಏನಾಯಿತೆಂದು ಮರಾಠಿಯಲ್ಲಿ ಕೇಳುತ್ತ ಪಕ್ಕದ ಮನೆಯ ನೀತಾ ಗಾಬರಿಯಿಂದ ಬಾಲ್ಕನಿಗೆ ಓಡಿಬಂದಳು.

"ಕಾಹೀ ನಾಹೀ ಗ, ಗಾಡಿ ಆಲೀ!" ಏನೂ ಇಲ್ಲ, ಗಾಡಿ ಬಂತು ಎಂದು ಕಾಶವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಕಿಟಕಿಯಿಂದಲೇ ಕೂಗಿದಳು.

ಸಿದ್ರಾಮಪ್ಪ ಹಳಿಯಿಂದ ಕಣ್ಣು ಕೀಳಲಿಲ್ಲ. "ಒಂದ ಕವಲಿಗೆ ಮೋಟಾರ್ ಹಚ್ಚಿ ಕೂತ್ರ ಹ್ಯಾಂಗ? ಉಳಿದ ಹನ್ನೊಂದಕ್ಕ ಯಾವಾಗ ಹಚ್ಚತಿ?"