ಜರಡಿಯಲ್ಲಿ ಸಿಕ್ಕ ವರದಿ

"ಹನ್ನೆರಡರೊಳಗೆ ಲ್ಯಾಬ್ ವರದಿ ಬರದಿದ್ರೆ ರೋಗ ಇದೆ ಅಂತ ನಮ್ಮಕ್ಕನ ಕುರಿಮಂದೆನೆಲ್ಲ ಕೊಲ್ಲಿಸ್ತಾರೆ ಕಣಮ್ಮ, ಇಲಾಖೆಯವರು ಆಗ್ಲೇ ದೊಡ್ಡಿ ಹತ್ರ ಬಂದಿದ್ದಾರೆ," ಎಂದು ಪಶುವೈದ್ಯರು ಬಾಗಿಲಲ್ಲೇ ನಿಂತು ಹೇಳಿದಾಗ ಹನ್ನೊಂದೂಮುಕ್ಕಾಲು. "ಕಳಿಸಿ ಎರಡು ಗಂಟೆ ಆಯ್ತಂತೆ. ನಿನ್ನ ಜರಡಿ ನುಂಗಿಬಿಡ್ತೋ ಏನೋ!"

ಪಶು ಆಸ್ಪತ್ರೆಗೆ ಬರುವ ಇಮೇಲ್‌ಗಳನ್ನು ಸೋಸುವ ಯಂತ್ರ, ಅಲ್ಲಿನ ಕಂಪ್ಯೂಟರ್ ನೋಡಿಕೊಳ್ಳುವ ಹುಡುಗಿಯ ಸುಪರ್ದಿಯಲ್ಲಿತ್ತು. ಬ್ರೌಸರಿನಲ್ಲಿ ಅದರ ಪುಟ ತೆರೆದು, ತಡೆಹಿಡಿದ ಪತ್ರಗಳ ಪಟ್ಟಿಯಲ್ಲಿ ಸಾಲುಸಾಲಾಗಿ ಇಳಿದಳು. ಲಾಟರಿ, ಮತ್ತೆ ಲಾಟರಿ, ಬೋಳುತಲೆಗೆ ಎಣ್ಣೆ; ಅದರ ಕೆಳಗೇ ಲ್ಯಾಬಿನ ಹೆಸರು! ಲ್ಯಾಬಿನವರು ಪ್ರತಿ ವರದಿಗೂ ಪಾಸ್‌ವರ್ಡ್ ಹಾಕುತ್ತಿದ್ದರು. ಯಂತ್ರಕ್ಕೆ ತೆರೆದು ನೋಡಲಾಗದ ಕಡತವನ್ನೆಲ್ಲ ತಡೆಯಬೇಕೆಂದು ಮೊನ್ನೆ ನಿಯಮ ಹಾಕಿದವಳು ಆಕೆಯೇ.

"ತಪ್ಪು ನಂದೇ ಸಾರ್," ಎಂದವಳು, ಕಳಿಸಿದವರ ವಿಳಾಸವನ್ನು ಅಕ್ಷರ ಅಕ್ಷರವಾಗಿ ಓದಿ, ಖಾತ್ರಿ ಮಾಡಿಕೊಂಡೇ 'ಬಿಡುಗಡೆ' ಒತ್ತಿದಳು. ವೈದ್ಯರ ಫೋನು ಟಿಣ್ ಎಂದಿತು.

ಅವರು ಒಮ್ಮೆ ಓದಿದರು, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು. ಆಮೇಲೆ ನಂಬರು ಒತ್ತಿ, ಸ್ಪೀಕರ್ ಹಾಕಿ, ಬೀದಿಗೆಲ್ಲ ಕೇಳುವಂತೆ ಕೂಗಿದರು: "ಅಕ್ಕಾ, ರೋಗ ಇಲ್ಲ! ಒಂದಕ್ಕೂ ಇಲ್ಲ! ಬಂದವರನ್ನ ವಾಪಸ್ ಕಳಿಸಿ, ದೊಡ್ಡಿ ಬಾಗಿಲು ತೆಗೀರಿ!"

ಫೋನಿನಲ್ಲಿ ದೊಡ್ಡಿಯ ಅಗುಳಿ ಸರಿದ ಸದ್ದಾಯಿತು. ಹಿಂದೆಯೇ ನಲವತ್ತೊಂದು ಕುರಿಗಳ ಅರಚಾಟ ಆ ಪುಟ್ಟ ಕೋಣೆಯನ್ನು ತುಂಬಿಬಿಟ್ಟಿತು.