ಬಾಗಿಲ ಮೇಲೆ ಮೂಡಿದ ಹೆಸರು

ಯಾರ ಸರ್ಕಾರಿ ಕಡತವನ್ನು ಯಾರು ಬೇಕಾದರೂ ತೆಗೆಸಿ ನೋಡಬಹುದಿತ್ತು. ಆದರೆ ನೋಡಿದವರ ಹೆಸರು ಆ ಗಳಿಗೆಯಲ್ಲೇ ಕಡತದವನ ಮನೆಯ ಬಾಗಿಲ ಮೇಲೆ ತಾನಾಗಿ ಮೂಡುತ್ತಿತ್ತು. ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ.

ಹೊಂಬಾಳಮ್ಮನ ಮಗಳ ಮದುವೆಗೆ ಬಾರದ ತಮ್ಮ ಮರಿಸ್ವಾಮಿ ಜೈಲಿನಲ್ಲಿದ್ದನೆಂದು ಯಾರೋ ಅವಳ ಕಿವಿ ಊದಿದ್ದರು. ಸಿಟ್ಟಿನಲ್ಲಿ ಅವಳು ಪಂಚಾಯ್ತಿಗೆ ಹೋಗಿ ಅವನ ಕಡತ ತೆಗೆಸಿದಳು. ಜೈಲಿನ ಮಾತೇ ಇರಲಿಲ್ಲ. ಮೂರು ತಿಂಗಳು ಅವನು ಕ್ಷಯದ ಆಸ್ಪತ್ರೆಯಲ್ಲಿದ್ದ. ‘ಅಕ್ಕನಿಗೆ ತಿಳಿಸಬೇಡಿ, ಮನೆಯಲ್ಲಿ ಮದುವೆಯಿದೆ’ ಎಂದು ಅಲ್ಲಿ ಬರೆಸಿದ್ದ.

ಬಸ್ಸು ಹಿಡಿದು ಅವನೂರಿಗೆ ಬಂದರೆ, ಮರಿಸ್ವಾಮಿ ಬಾಗಿಲೆದುರೇ ನಿಂತಿದ್ದ. ಊರವರ ಏಳು ಹೆಸರುಗಳ ಕೆಳಗೆ ಅವಳದು ಹೊಸದಾಗಿ ಹೊಳೆಯುತ್ತಿತ್ತು.

“ಬಾರಕ್ಕ,” ಎಂದು ನಕ್ಕ. “ನೋಡಿಲ್ಲಿ, ಯಾವಳೋ ನಿನ್ನ ಹೆಸರಿನೋಳು ನನ್ ಕಡತ ನೋಡವ್ಳೆ.”

“ನಾನೇ ಅಂತ ಅನ್ನಿಸ್ಲಿಲ್ವೇನೋ?”

“ನೀನಾ? ನೀನಾಗಿದ್ರೆ ಮೊದ್ಲು ಇಲ್ಲಿಗ್ ಬಂದು, ಕೇರಿಗೆಲ್ಲಾ ಕೇಳೋ ಹಂಗೆ ಉಗೀತಿದ್ದೆ. ಈ ಏಳು ಜನಕ್ಕೂ ಅದ್ನೇ ಅಂದೆ, ನಮ್ಮಕ್ಕನ್ನ ನೋಡಿ ಕಲೀರಿ ಅಂತ.”

ಬೈಗುಳಕ್ಕೆ ಎಂದೂ ತಡವರಿಸದ ಹೊಂಬಾಳಮ್ಮ ಹೊಳೆಯುವ ಆ ಹೆಸರಿನ ಮೇಲೆ ಬೆರಳಿಟ್ಟಳು.

“ನಾನೇ ಕಣೋ.”